ಅತ್ತೆಯ ಅಪ್ಪನಿಗೆ ಒಂದು ಎಲೆ

ನಮ್ಮ ಅತ್ತೆ ದೋಹಾಕ್ಕೆ ಬಂದು ಮಾಡಿದ ಮೊದಲ ಕೆಲಸ ಸಮುದ್ರವನ್ನು ಬೈದದ್ದು.

ಊರಿನಿಂದ ಯಾರು ಬಂದರೂ ಮೊದಲ ಶುಕ್ರವಾರ ಸಮುದ್ರದಂಡೆಯ ಕಾರ್ನಿಶ್‌ಗೆ ಕರೆದುಕೊಂಡು ಹೋಗಬೇಕು, ಹಿಂದೆ ಗಾಜಿನ ಕಟ್ಟಡಗಳು ಬರುವ ಹಾಗೆ ನಿಲ್ಲಿಸಿ ಫೋಟೋ ತೆಗೆಯಬೇಕು. ಆಗ ದೋಹಾದಲ್ಲಿದ್ದ ನಮ್ಮಂಥವರೆಲ್ಲ ಇದನ್ನೇ ಮಾಡುತ್ತಿದ್ದೆವು. ಏಷ್ಯನ್ ಗೇಮ್ಸ್ ಬರುತ್ತದೆಂದು ಊರೆಲ್ಲ ಅಗೆದು ಹಾಕಿದ್ದ ಕಾಲ ಅದು. ಧೂಳು ದಾಟಿ, ಕ್ರೇನು ದಾಟಿ, ಕಾರು ನಿಲ್ಲಿಸಲು ಜಾಗ ಹುಡುಕಿ ಅತ್ತೆಯನ್ನು ದಡಕ್ಕೆ ತಂದೆವು. ಅವರು ಫೋಟೋಗೆ ನಿಲ್ಲಲಿಲ್ಲ. ಸೀದಾ ಅಂಚಿಗೆ ಹೋಗಿ ಬಗ್ಗಿ ನೋಡಿದರು.

"ಇದೆಂತ ಇದು?"

"ಸಮುದ್ರ, ಅತ್ತೆ."

"ಅಲೆ ಎಲ್ಲಿ ಉಂಟು?"

"ಇಲ್ಲಿ ಹಿಂಗೇ. ಅಲೆ ಬರಲ್ಲ."

"ನಮ್ಮ ದೇವಸ್ಥಾನದ ಕೆರೆ ಇದಕ್ಕಿಂತ ಜೋರು ಉಂಟು ಅಳಿಯಂದಿರೇ. ಇದನ್ನು ನೋಡ್ಲಿಕ್ಕೆ ಜನ ವಿಮಾನದಲ್ಲಿ ಬರೂದಾ?" ನೀರಿಗೆ ಕೈ ತೋರಿಸಿ ತುಳುವಿನಲ್ಲಿ ಏನೋ ಅಂದರು. ನಾನು ಮೈಸೂರಿನವನು, ನನಗೆ ತುಳು ಅಷ್ಟಕ್ಕಷ್ಟೆ. ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ನಾನು ನಕ್ಕೆ. ಹೆಂಡತಿ ನಗಲಿಲ್ಲ. ಅತ್ತೆ ದನಿ ಇಳಿಸಿ, ಈ ಸಲ ಕನ್ನಡದಲ್ಲೇ ಹೇಳಿದರು:

"ಇದ್ರಲ್ಲಿ ಯಾರು ಮುಳುಗ್ತಾರೆ? ಸುಳ್ಳು. ಅವನು ಮುಳುಗ್ಲಿಲ್ಲ. ಬಿಟ್ಟೇ ಹೋದದ್ದು."

ಅವನು ಎಂದರೆ ಅತ್ತೆಯ ಅಪ್ಪ.

ನಾನು ಮದುವೆಯಾಗಿ ಬಂದವನು, ಈ ಕಥೆ ನನಗೆ ತುಂಡು ತುಂಡಾಗಿ ಸಿಕ್ಕಿದ್ದು. ಅತ್ತೆಯ ಅಪ್ಪ ಮಂಜಿಯಲ್ಲಿ ಖಲಾಸಿಯಾಗಿದ್ದರು. ಮಂಜಿ ಅಂದರೆ ಹಾಯಿ ಕಟ್ಟಿದ ಮರದ ಸರಕು ಹಡಗು. ಮಂಗಳೂರಿನ ಬಂದರಿನಲ್ಲಿ ಹೆಂಚು ತುಂಬಿಕೊಂಡು ಮಳೆಗಾಲ ಮುಗಿದ ಮೇಲೆ ಬಸ್ರಾ ಕಡೆಗೆ ಹೊರಡುತ್ತಿತ್ತು, ಬರುವಾಗ ಖರ್ಜೂರ ತರುತ್ತಿತ್ತು. ಅತ್ತೆ ಹೊಟ್ಟೆಯಲ್ಲಿದ್ದಾಗ ಹೊರಟ ಮಂಜಿ ವಾಪಸ್ ಬರಲಿಲ್ಲ. ಆ ಕಾಲದಲ್ಲಿ ಅದೇನು ಪೇಪರಿನಲ್ಲಿ ಬರುವ ಸುದ್ದಿಯಲ್ಲ. ಇಂಥ ತಿಂಗಳು ಬರಬೇಕಾದ ಮಂಜಿ ಬಂದಿಲ್ಲ, ಮುಂದಿನ ತಿಂಗಳೂ ಬಂದಿಲ್ಲ, ಮಳೆ ಶುರುವಾಯಿತು, ಇನ್ನು ಬರುವುದಿಲ್ಲ. ಸುದ್ದಿ ಎಂದರೆ ಅಷ್ಟೇ. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೀಗೆ ಗಂಡಸರು ಇಲ್ಲವಾಗಿದ್ದಾರಂತೆ.

ಅಷ್ಟಕ್ಕೇ ನಿಂತಿದ್ದರೆ ಅತ್ತು ಸುಮ್ಮನಾಗುತ್ತಿದ್ದರು. ಆದರೆ ಮರುವರ್ಷ ಬೇರೊಂದು ಮಂಜಿಯಲ್ಲಿ ಹೋಗಿಬಂದ ಊರಿನವನೊಬ್ಬ, ಅವನನ್ನು ಬಹ್ರೇನಿನ ಪೇಟೆಯಲ್ಲಿ ಕಂಡೆ ಎಂದ. ದೂರದಿಂದ ಕಂಡನಂತೆ. ಕರೆದನಂತೆ, ತಿರುಗಿ ನೋಡಲಿಲ್ಲವಂತೆ. ಸಾಕಲ್ಲ! ಅಲ್ಲಿ ಇನ್ನೊಂದು ಮದುವೆಯಾಗಿದೆ, ಮಕ್ಕಳಿದ್ದಾರೆ, ಅಂಗಡಿ ಇದೆ ಎಂದೆಲ್ಲ ಊರಿನವರೇ ಸೇರಿಸಿಕೊಂಡರು. ಮೀನಿನ ಹಾಗೆ ಈಜುತ್ತಿದ್ದವನು, ಅವನೆಲ್ಲಿ ಮುಳುಗುತ್ತಾನೆ ಎಂಬ ಮಾತು ಬೇರೆ. ಅತ್ತೆಯ ಅಮ್ಮ ಕರಿಮಣಿ ತೆಗೆಯಲಿಲ್ಲ. ಸಾಯುವತನಕ ಮುತ್ತೈದೆಯಾಗಿಯೇ ಇದ್ದರು.

ಈಗ ಎಲೆಯ ವಿಷಯಕ್ಕೆ ಬರುತ್ತೇನೆ. ಅವರ ಕಡೆ ದೀಪಾವಳಿಯ ಹೊತ್ತಿಗೆ ತೀರಿಹೋದವರಿಗೆಲ್ಲ ಮನೆಯೊಳಗೆ ಸಾಲಾಗಿ ಬಾಳೆಲೆ ಹಾಕಿ ಬಡಿಸುತ್ತಾರೆ. ಅವರವರಿಗೆ ಇಷ್ಟವಾದದ್ದನ್ನೇ ಬಡಿಸುತ್ತಾರೆ, ಕೋಳಿ, ಮೀನು, ಬೀಡಿ, ಏನಿತ್ತೋ ಅದು. ಎಲೆ ಹಾಕಿದರೆ ಆ ಮನುಷ್ಯ ಸತ್ತ ಎಂದು ಮನೆಯೇ ಒಪ್ಪಿದ ಹಾಗೆ. ಅತ್ತೆಯ ಅಪ್ಪನಿಗೆ ಯಾರೂ ಎಲೆ ಹಾಕಿರಲಿಲ್ಲ. ಪದ್ಧತಿಯ ಪ್ರಕಾರ ಗಂಡಸಿನ ಎಲೆ ಅವನ ಅಕ್ಕತಂಗಿಯರ ಮನೆಯಲ್ಲಿ ಬೀಳಬೇಕು. ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಉಳಿದವರು ಎಂದರೆ ಮಗಳು ಒಬ್ಬರೇ.

ಊರಿನಲ್ಲಿ ಮನೆ ನೋಡಿಕೊಳ್ಳುವ ನನ್ನ ಭಾವ, ಅಂದರೆ ಅತ್ತೆಯ ಮಗ, ಆ ವರ್ಷ ಜೋಯಿಸರ ಹತ್ತಿರ ಕವಡೆ ಹಾಕಿಸಿ ಪ್ರಶ್ನೆ ಇಡಿಸಿದ್ದರು. ಅವರ ಮಗಳ ಮದುವೆ ಕೂಡಿಬರುತ್ತಿರಲಿಲ್ಲ. ನೀರಿನಲ್ಲಿ ಹೋದ ಜೀವವೊಂದು ಬಾಗಿಲ ಹೊರಗೆ ನಿಂತಿದೆ, ಒಳಗೆ ಕರೆಯಿರಿ ಎಂದು ಪ್ರಶ್ನೆಯಲ್ಲಿ ಬಂತು. ಭಾವ ಅಮ್ಮನನ್ನು ಕೇಳಿದರು. ಅತ್ತೆ ಒಂದೇ ಮಾತು ಹೇಳಿದರು: "ಮುಳುಗಿದವನಾದ್ರೆ ಎಲೆ ಹಾಕ್ತೇನೆ. ಬಿಟ್ಟು ಹೋದವನಿಗೆ ನನ್ನ ಮನೆಯ ಒಂದು ಅಗುಳು ಅನ್ನ ಇಲ್ಲ."

ಅಷ್ಟು ವರ್ಷ ನಾವು ಕರೆದರೂ, "ಆ ಮರುಭೂಮಿಗೆ ನಾನ್ಯಾಕೆ" ಎನ್ನುತ್ತಿದ್ದವರು ಆ ಸಲ ತಾವಾಗಿಯೇ ಬರುತ್ತೇನೆಂದರು. ಮಗಳನ್ನು ನೋಡಲು ಎಂದುಕೊಂಡು ನಾನು ಖುಷಿಪಟ್ಟಿದ್ದೆ. ಅವರು ಬಂದದ್ದು ನೀರನ್ನು ನೋಡಲು. ನೋಡಿದರು, ತೀರ್ಪು ಕೊಟ್ಟರು. ಅಲ್ ಹಿಲಾಲ್‌ನ ನಮ್ಮ ಫ್ಲ್ಯಾಟಿಗೆ ಬಂದವರೇ ಊರಿಗೆ ಫೋನ್ ಮಾಡಿಸಿ ಮಗನಿಗೆ ಹೇಳಿದರು: "ಎಲೆಗಿಲೆ ಎಂತ ಬೇಡ. ನಾನು ನೋಡಿ ಆಯ್ತು. ಇಲ್ಲಿ ಮುಳುಗ್ಲಿಕ್ಕೆ ಸಮುದ್ರವೇ ಇಲ್ಲ."

ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. ಅಮ್ಮನ ಕೋಪಕ್ಕೆ ಅಣ್ಣನ ಮಗಳ ಮದುವೆ ಸಿಕ್ಕಿಕೊಂಡಿದೆ ಎಂಬುದು ಅವಳ ಕೋಪ. ನನಗೆ ಪ್ರಶ್ನೆ, ಜೋಯಿಸರು ಯಾವುದರಲ್ಲೂ ನಂಬಿಕೆ ಇಲ್ಲ. ಆದರೆ ಅತ್ತೆ ಮಾತ್ರ ಆವತ್ತಿನಿಂದ ಸಪ್ಪಗಾದರು. ಗೆದ್ದವರ ಹಾಗಿರಲಿಲ್ಲ. ಸೋಫಾದ ಮೂಲೆಯಲ್ಲಿ ಕೂತು ಟಿವಿ ನೋಡುತ್ತಿದ್ದರು, ಏನು ನೋಡಿದಿರಿ ಎಂದರೆ ಗೊತ್ತಿರುತ್ತಿರಲಿಲ್ಲ. ಅಪ್ಪ ಕೆಟ್ಟವನೆಂದು ಎಪ್ಪತ್ತು ದಾಟಿದ ಮೇಲೆ ಖಾತ್ರಿ ಮಾಡಿಕೊಂಡು ಯಾರಿಗೆ ಏನು ಸುಖ?

ನಾನು ಕೆಲಸ ಮಾಡುತ್ತಿದ್ದದ್ದು ವಾಹನಗಳ ಬಿಡಿಭಾಗ ತರಿಸುವ ಒಂದು ಸಣ್ಣ ಆಫೀಸಿನ ಅಕೌಂಟ್ಸ್‌ನಲ್ಲಿ. ಮ್ಯಾನೇಜರ್ ಕತಾರಿ, ನನ್ನದೇ ವಯಸ್ಸು. ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು ಈ ಕಥೆ ಹೇಳಿದೆ. ಆತ ನಗಲಿಲ್ಲ. "ನನ್ನ ತಂದೆ ಚಿಕ್ಕವರಿದ್ದಾಗ ಮುತ್ತು ತೆಗೆಯುವ ದೋಣಿಯಲ್ಲಿ ಇದ್ದವರು. ಬಾಂಬೆಗೂ ಹೋಗಿದ್ದಾರೆ, ಹಿಂದಿ ಬರುತ್ತೆ. ಮಾತಾಡಲು ಜನ ಸಿಗದೆ ನಮ್ಮ ತಲೆ ತಿನ್ನುತ್ತಾರೆ. ಯಲ್ಲಾ, ಶುಕ್ರವಾರ ಅತ್ತೆಯನ್ನು ಕರ್ಕೊಂಡು ಬಾ" ಎಂದ.

ಅವರ ಹಳೆಯ ಮನೆ ಇದ್ದದ್ದು ರುವೈಸ್‌ನಲ್ಲಿ, ದೇಶದ ಉತ್ತರದ ತುದಿ. ದಾರಿಯುದ್ದಕ್ಕೂ ಅತ್ತೆ, "ಇನ್ನೊಂದು ಕೆರೆ ತೋರಿಸ್ಲಿಕ್ಕೆ ಇಷ್ಟು ದೂರವಾ" ಎನ್ನುತ್ತಿದ್ದರು.

ಮುದುಕ ಮನೆಯೆದುರಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಎದುರಿಗೇ ಸಮುದ್ರ. ಅಲ್ಲಿಯೂ ಅಲೆ ಇಲ್ಲ, ಇಸ್ತ್ರಿ ಹಾಕಿದ ಬಟ್ಟೆಯ ಹಾಗಿತ್ತು. ನನ್ನ ಹೆಂಡತಿ ಒಳಗಿನ ಹೆಂಗಸರ ಹತ್ತಿರ ಹೋದಳು. ಅತ್ತೆ ಹೋಗಲಿಲ್ಲ, ಒಂದು ಕುರ್ಚಿ ಎಳೆದುಕೊಂಡು ಮುದುಕರ ಎದುರು ಕೂತರು. ಅತ್ತೆಯೂ ಬಾಂಬೆಯಲ್ಲಿ ಕೆಲವು ವರ್ಷ ಇದ್ದವರು, ಮಾವನಿಗೆ ಅಲ್ಲಿ ಹೋಟೆಲಿನಲ್ಲಿ ಕೆಲಸವಿತ್ತು. ಇಬ್ಬರದೂ ಹರಕು ಬಾಂಬೆ ಹಿಂದಿ. ಮೊದಲ ಮಾತೇ, "ಬಂಬಯ್ ಮೇ ಕಿದರ್?" ಅರ್ಧ ಗಂಟೆ ಅದೇ ಆಯಿತು. ಭೇಂಡಿ ಬಜಾರ್ ಹಾಗೇ ಇದೆಯಾ, ಟ್ರಾಮ್ ಇನ್ನೂ ಓಡುತ್ತಾ, ಇರಾನಿ ಹೋಟೆಲಿನ ಚಹಾ... ಅತ್ತೆಗೆ ತಾಳ್ಮೆ ಮುಗಿಯಿತು.

"ಸೇಠ್‌ಜೀ, ಟ್ರಾಮ್ ಇರ್ಲಿ," ಎಂದರು. ಇನ್ನು ಮುಂದಿನದನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. "ನಿಮ್ಮ ಈ ನೀರಿನಲ್ಲಿ ಯಾರಾದ್ರೂ ಮುಳುಗಿ ಸತ್ತದ್ದು ಉಂಟಾ?"

ಮುದುಕ ಸಮುದ್ರದ ಕಡೆ ನೋಡಿದರು. "ನನ್ನ ದೊಡ್ಡಪ್ಪ," ಎಂದರು. "ನಾನು ಆಗ ಅಮ್ಮನ ಸೊಂಟದ ಮೇಲಿದ್ದೆ. ಮುತ್ತಿನ ಕಾಲ ಮುಗಿದು ದೋಣಿಗಳೆಲ್ಲ ವಾಪಸ್ ಬರಬೇಕು, ಅಷ್ಟರಲ್ಲಿ ಗಾಳಿ ಬಂತು. ಒಂದೇ ರಾತ್ರಿ. ನಮ್ಮ ಕಡೆಯ ದೋಣಿಗಳು, ಬಹ್ರೇನಿನ ದೋಣಿಗಳು, ಎಷ್ಟೋ ಹೋದವು. ನಮ್ಮ ಮುದುಕರನ್ನು ವಯಸ್ಸೆಷ್ಟು ಅಂತ ಕೇಳು, ದೋಣಿ ಮುಳುಗಿದ ವರ್ಷಕ್ಕೆ ಮೊದಲು ಹುಟ್ಟಿದವನು, ಆಮೇಲೆ ಹುಟ್ಟಿದವನು ಅಂತಲೇ ಹೇಳ್ತಾರೆ."

"ಹೆಣ ಸಿಕ್ಕಿತಾ?"

"ಇಲ್ಲ. ಹೆಂಗಸರು ಈ ದಡಕ್ಕೇ ಬಂದು ಸಮುದ್ರಕ್ಕೆ ಬೈದರು. ಖರ್ಜೂರದ ಗರಿಗೆ ಬೆಂಕಿ ಹಚ್ಚಿ ನೀರಿಗೆ ಬಡಿಯೋದು ಆಗಿನ ಪದ್ಧತಿ. ನಮ್ಮ ಗಂಡಸರನ್ನು ಕೊಡು ಅಂತ."

ಅತ್ತೆಗೆ ಇದು ಬಹಳ ಹಿಡಿಸಿತು. "ನಾನೂ ಬೈದೆ, ಆಚೆ ಶುಕ್ರವಾರ," ಎಂದರು. "ಬೆಂಕಿ ಹಚ್ಚುದು ಗೊತ್ತಿರ್ಲಿಲ್ಲ."

"ಆಮೇಲೆ ಮಸೀದಿಯಲ್ಲಿ ಹೆಣ ಇಲ್ಲದೆಯೇ ನಮಾಜು ಮಾಡಿದರು. ದೊಡ್ಡಮ್ಮ ವಿಧವೆಯಾಗಿ ಕೂತಳು. ಖಲಾಸ್."

"ಅವನು ಎಲ್ಲೋ ಜೀವಂತ ಇದ್ದಿದ್ರೆ?"

"ಬಂದಿದ್ದರೆ ಆಡು ಕಡಿದು ಊಟ ಹಾಕ್ತಿದ್ದೆವು." ಮುದುಕ ನಕ್ಕರು. ಮಗ ನಮ್ಮ ಕಥೆಯನ್ನು ಅವರಿಗೆ ಮೊದಲೇ ಹೇಳಿದ್ದ. "ನಿನ್ನ ಅಪ್ಪ ಬಿಟ್ಟೇ ಹೋಗಿದ್ದಾನೆ ಅಂದ್ಕೋ ಬೆಹನ್. ಈಗ ಅವನಿಗೆ ಎಷ್ಟು ವಯಸ್ಸಾಗಬೇಕು? ಹೇಗೂ ಸತ್ತಿರ್ತಾನಲ್ಲ."

"ಸತ್ತದ್ದು ನಂಗೂ ಗೊತ್ತುಂಟು. ನನ್ನ ಪ್ರಶ್ನೆ ಅದಲ್ಲ." ಅತ್ತೆ ಮೊಂಡು. "ಗಾಳಿ ಬಂದ್ರೆ ಒಪ್ಪಿದೆ. ಅವನು ಹೋದ ವರ್ಷ ಗಾಳಿ ಬಂದದ್ದು ಯಾರೂ ಹೇಳ್ಲಿಲ್ಲ. ಬೇರೆ ಮಂಜಿಗಳೆಲ್ಲ ಬಂದಿವೆ."

"ಗಾಳಿಯೇ ಬೇಕಿಲ್ಲ. ಕೆಳಗೆ ಕಲ್ಲು ಇದೆ. ಇಲ್ಲಿಂದ ಬಹ್ರೇನ್ ತನಕ ಕಲ್ಲೇ. ಹೆಂಚು ತುಂಬಿದ ಹಡಗು ಭಾರ, ಒಮ್ಮೆ ತಾಗಿದರೆ ಸಾಕು."

"ಸೇಠ್‌ಜೀ, ನಮ್ಮ ಗಂಡಸರಿಗೆ ಕಲ್ಲು ಗೊತ್ತಾಗ್ತದೆ. ಕಲ್ಲಿದ್ದಲ್ಲಿ ಅಲೆ ಒಡೀತದೆ. ಅರ್ಧ ಮೈಲಿ ದೂರದಿಂದ ಸದ್ದು ಕೇಳ್ತದೆ. ಕಣ್ಣು ಮುಚ್ಚಿದ್ರೂ ಗೊತ್ತಾಗ್ತದೆ."

ಅಷ್ಟರಲ್ಲಿ ಊಟ ಬಂತು. ದೊಡ್ಡ ತಟ್ಟೆಯಲ್ಲಿ ಅನ್ನದ ಮೇಲೆ ಹಮ್ಮೂರ್ ಮೀನು. ಅತ್ತೆ ಮುಳ್ಳು ಬಿಡಿಸಿ ತಿಂದು, ಹುಳಿ ಇಲ್ಲ, ಖಾರ ಇಲ್ಲ, ಆದರೆ ಮೀನು ತಾಜಾ ಉಂಟು ಎಂದು ನನ್ನ ಕಿವಿಯಲ್ಲಿ ಸರ್ಟಿಫಿಕೇಟ್ ಕೊಟ್ಟರು.

ಊಟ ಮುಗಿಯುವಾಗ ನೀರು ಇಳಿದಿತ್ತು. ಮೈಸೂರಿನವನಾದ ನಾನು ಅಂಥದ್ದನ್ನು ನೋಡಿಯೇ ಇರಲಿಲ್ಲ. ಸಮುದ್ರ ಇದ್ದಲ್ಲಿ ಕೆಸರಿನ ಬಯಲು, ಅದರಲ್ಲಿ ಎದ್ದು ಕೂತ ಚೂಪು ಕಲ್ಲುಗಳು. ದೂರದಲ್ಲಿ ಮೀನು ಹಿಡಿಯಲು ನೆಟ್ಟ ಕೋಲುಗಳ ಬೇಲಿ. ಮುದುಕ ಕುರ್ಚಿಯಲ್ಲೇ ತೂಕಡಿಸಿದರು. ಅತ್ತೆ ಎದ್ದು ಸೀರೆ ಎತ್ತಿ ಕಟ್ಟಿದರು.

"ಎಲ್ಲಿಗೆ ಅತ್ತೆ?"

"ಮರುವಾಯಿ ಉಂಟಾ ನೋಡ್ತೇನೆ. ಇಂಥ ಕೆಸರಿನಲ್ಲಿ ಇರ್ತದೆ."

ಮರುವಾಯಿ ಅಂದರೆ ಚಿಪ್ಪಿನೊಳಗಿನ ಮಾಂಸ, ಕರಾವಳಿಯವರಿಗೆ ಪ್ರಾಣ. ತಡೆಯಲು ಆಗದೆ ನಾನೂ ಪ್ಯಾಂಟು ಮಡಚಿ ಹಿಂದೆ ಹೋದೆ. ಅವರು ಬೇಲಿಯ ಹತ್ತಿರದವರೆಗೂ ನಡೆದು, ಸಮುದ್ರಕ್ಕೆ ಬೆನ್ನು ಹಾಕಿ ಕೂತು ಬೆರಳಿನಿಂದ ಕೆಸರು ಕೆದಕತೊಡಗಿದರು. ಕರಾವಳಿಯ ಹೆಂಗಸರು ಹಾಗೇ ಕೂರುವುದು ಎಂದು ಹೆಂಡತಿ ಆಮೇಲೆ ಹೇಳಿದಳು. ಕಣ್ಣು, ಕೈ ಎರಡೂ ಮರುವಾಯಿಯ ಮೇಲೆ, ಸಮುದ್ರ ನೋಡಿಕೊಳ್ಳುವ ಕೆಲಸ ಕಿವಿಯದು. ನೀರು ಏರಲು ಶುರುವಾದರೆ ಅಲೆಯ ಸದ್ದು ಬದಲಾಗುತ್ತದೆ, ಆಗ ಎದ್ದರೆ ಸಾಕು. ಚಿಕ್ಕಂದಿನಿಂದ ರೂಢಿಯಾದದ್ದು.

ಸೆರಗಿನಲ್ಲಿ ಮುಷ್ಟಿಯಷ್ಟು ಚಿಪ್ಪು ಸೇರಿತ್ತು. ಅತ್ತೆಯ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಬೆಳಕಿತ್ತು. "ನಾಳೆ ಸುಕ್ಕ ಮಾಡುವಾ," ಎನ್ನುತ್ತಿದ್ದರು. ನಾನು ಸುಮ್ಮನೆ ದಡದ ಕಡೆ ನೋಡಿದೆ. ನಾವು ಬಂದ ದಾರಿ ಕಾಣಲಿಲ್ಲ. ಹೆಜ್ಜೆ ಗುರುತುಗಳಿದ್ದಲ್ಲೆಲ್ಲ ನೀರು ಹೊಳೆಯುತ್ತಿತ್ತು.

"ಅತ್ತೆ, ನೀರು!"

"ಎಲ್ಲಿ?" ಅವರು ಎದ್ದು ತಿರುಗಿದರು. ಕಾಲ ಬುಡದಲ್ಲೇ ಇತ್ತು. ಒಂದು ಗುಳುಗುಳು ಇಲ್ಲ, ನೊರೆ ಇಲ್ಲ. ಎಲ್ಲೋ ಕೊಡ ಮಗುಚಿ ನೆಲದ ಮೇಲೆ ಹರಡುವ ಹಾಗೆ ಎಲ್ಲ ಕಡೆಯಿಂದಲೂ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಕಾಲಿಗೆ ಚುಚ್ಚಿದ್ದ ಕಲ್ಲುಗಳೆಲ್ಲ ಮಾಯ. ಮೇಲೆ ಅದೇ ಇಸ್ತ್ರಿ ಹಾಕಿದ ನೀರು.

ದಡದಲ್ಲಿ ಮುದುಕ ಎದ್ದು ನಿಂತಿದ್ದರು. ಗಾಬರಿಯೇನೂ ಇಲ್ಲದೆ ಕೋಲೆತ್ತಿ ಎಡಕ್ಕೆ, ಎಡಕ್ಕೆ ಎಂದು ತೋರಿಸುತ್ತಿದ್ದರು. ಅತ್ತೆ ನನ್ನ ಭುಜ ಹಿಡಿದುಕೊಂಡರು, ಎಡಕ್ಕೆ ಬಳಸಿ ನಡೆದೆವು. ಒಂದು ತಗ್ಗಿನಲ್ಲಿ ನೀರು ತೊಡೆಯವರೆಗೆ ಬಂತು. ಅತ್ತೆಯ ಕಾಲು ಕಾಣದ ಕಲ್ಲಿಗೆ ಬಡಿದು ಮುಗ್ಗರಿಸಿದರು, ಸೆರಗಿನ ಮರುವಾಯಿಯೆಲ್ಲ ವಾಪಸ್ ಸಮುದ್ರಕ್ಕೆ ಹೋಯಿತು. ಅಷ್ಟೇ ಆದದ್ದು. ಪ್ರಾಣಕ್ಕೇನೂ ಅಪಾಯವಿರಲಿಲ್ಲ, ದಡ ಕೂಗಳತೆಯಲ್ಲಿತ್ತು. ಆದರೆ ದಡ ಮುಟ್ಟುವತನಕ ಅತ್ತೆ ನನ್ನ ಭುಜ ಬಿಡಲಿಲ್ಲ. 

ಒಳಗಿನ ಹೆಂಗಸರು ಅತ್ತೆಯ ಸೀರೆ ಬಿಚ್ಚಿಸಿ ತಮ್ಮದೊಂದು ಉದ್ದನೆಯ ಹೂವಿನ ನಿಲುವಂಗಿ ತೊಡಿಸಿ ಕಳಿಸಿದರು. ಹೆಂಡತಿ ನೋಡಿ, "ಅಮ್ಮಾ, ಒಳ್ಳೆ ಶೇಖನ ಹೆಂಡ್ತಿ ಹಾಗೆ ಕಾಣ್ತೀರಿ," ಎಂದು ನಕ್ಕಳು. ಅತ್ತೆ ತಿರುಗಿ ಬೈಯಲಿಲ್ಲ. ಆಗಲೇ ನಮಗೆ ಗೊತ್ತಾಗಬೇಕಿತ್ತು. ಕುರ್ಚಿಯಲ್ಲಿ ಕೂತು, ಹೆಬ್ಬೆರಳಿನ ಗಾಯಕ್ಕೆ ಅರಿಶಿನ ಒತ್ತಿಕೊಂಡು ನೀರನ್ನೇ ನೋಡುತ್ತಿದ್ದರು. ಮುದುಕ ಕಾವಾ, ಅವರ ಕಹಿ ಕಾಫಿ, ಬಗ್ಗಿಸಿ ಕೊಟ್ಟರು. ಮತ್ತೆ ಟ್ರಾಮಿನ ವಿಷಯ ಎತ್ತಿದರು.

ವಾಪಸ್ ಬರುವಾಗ ಕಾರಿನಲ್ಲಿ, ಅರ್ಧ ದಾರಿ ಕಳೆದ ಮೇಲೆ, ಹಿಂದಿನ ಸೀಟಿನಿಂದ ದನಿ ಬಂತು.

"ಕೇಳ್ಲೇ ಇಲ್ಲ ಮಾರಾಯ್ತಿ."

"ಎಂತ ಅಮ್ಮ?"

"ನೀರು ಬಂದದ್ದು. ಹುಟ್ಟಿದಲ್ಲಿಂದ ಸಮುದ್ರದ ಬಾಯಲ್ಲಿ ಕೂತವಳು ನಾನು. ಬೆನ್ನ ಹಿಂದೆ ಬಂದು ನಿಂತಿದೆ, ನಂಗೆ ಕೇಳ್ಲಿಲ್ಲ. ನಮ್ಮ ಸಮುದ್ರ ಕಚ್ಚುವ ಮೊದಲು ಬೊಗಳ್ತದೆ. ಇದು ಬೊಗಳುದೇ ಇಲ್ಲ." ಕಿಟಕಿಯ ಕಡೆ ತಿರುಗಿ, "ಅವನೂ ಹೀಗೇ ಕಿವಿ ಇಟ್ಟು ಕೂತಿರ್ಬೇಕು. ಕಲ್ಲು ಬಂದ್ರೆ ಕೇಳ್ತದೆ ಅಂತ."

ಹೆಂಡತಿ ನನ್ನ ಮುಖ ನೋಡಿದಳು. ನಾನು ರಸ್ತೆ ನೋಡಿದೆ. ಬಹ್ರೇನಿನ ಪೇಟೆಯಲ್ಲಿ ಕಂಡವನ ಮಾತು ಏನಾಯಿತು ಎಂದು ಕೇಳುವಷ್ಟು ದಡ್ಡ ನಾನಲ್ಲ. ಅದನ್ನು ಅತ್ತೆಯೇ ತೆಗೆದರು.

"ದೂರದಿಂದ ಕಂಡನಂತೆ. ಕರೆದ್ರೆ ತಿರುಗ್ಲಿಲ್ಲ ಅಂತೆ. ತಿರುಗ್ಲಿಲ್ಲ ಅಂದ್ರೆ ಬೇರೆ ಯಾರೋ ಇರ್ಬೇಕು, ಅಲ್ವಾ? ಹೆಸರು ಕರೆದ್ರೆ ಯಾವನಾದ್ರೂ ತಿರುಗ್ತಾನೆ."

ಅದು ಎಪ್ಪತ್ತು ವರ್ಷಗಳಿಂದ ಅಲ್ಲೇ ಇದ್ದ ಮಾತು. ಇವತ್ತು ಬೇರೆ ಥರ ಕೇಳಿಸಿತು, ಅಷ್ಟೇ.

ಆಮೇಲೆ ಫೋನು. ಎಲೆ ಹಾಕುವುದೆಂದು ನಿಶ್ಚಯವಾಯಿತು. ಭಾವ ಆ ಕಡೆಯಿಂದ ಖುಷಿಯಲ್ಲಿ ಕೇಳಿದರು, ಅಜ್ಜನಿಗೆ ಇಷ್ಟ ಯಾವುದು, ಏನು ಬಡಿಸುವುದು? ಅತ್ತೆ ಫೋನನ್ನು ಮಗಳ ಕೈಗೆ ಕೊಟ್ಟುಬಿಟ್ಟರು. ಅಪ್ಪನ ಮುಖ ನೋಡದವರು, ಇಷ್ಟ ಎಲ್ಲಿ ಗೊತ್ತು? ಗೊತ್ತಿದ್ದವರು ಯಾರೂ ಬದುಕಿರಲಿಲ್ಲ.

ಎರಡು ದಿನ ಅದೇ ಯೋಚನೆ. ಮೂರನೆಯ ದಿನ ನಾನು ಆಫೀಸಿನಿಂದ ಬಂದರೆ ಚಪ್ಪಲಿ ಹಾಕಿಕೊಂಡೇ ಕೂತಿದ್ದರು. "ಅಳಿಯಂದಿರೇ, ಖರ್ಜೂರ ಒಳ್ಳೇದು ಎಲ್ಲಿ ಸಿಗ್ತದೆ?"

"ಬರೋ ಹೊತ್ತಿಗೆ ಖರ್ಜೂರ ತರ್ತೇನೆ, ತಿನ್ನು, ಅಂತ ಹೇಳಿ ಹೋದದ್ದಂತೆ ಅಮ್ಮನ ಹತ್ತಿರ. ಬಸುರಿ ಅಲ್ವಾ," ಎಂದು ಕಾರಿನಲ್ಲಿ ಹೇಳಿದರು. ಸೂಕಿನಲ್ಲಿ, ಅಂದರೆ ಹಳೆ ಪೇಟೆಯಲ್ಲಿ, ಒಂದೊಂದು ಅಂಗಡಿಯಲ್ಲೂ ರುಚಿ ನೋಡಿ, ಇದು ಬೆಲ್ಲ, ಇದು ಚರ್ಮ ಎಂದು ಇರಾನಿ ಅಂಗಡಿಯವನ ಎದುರೇ ಮುಖ ಸಿಂಡರಿಸಿ, ಕೊನೆಗೊಂದು ಡಬ್ಬ ಆರಿಸಿದರು. ಅವರು ಹೊರಡುವ ದಿನ ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ತೂಕ ಜಾಸ್ತಿ ಬಂತು. ಕೌಂಟರಿನ ಎದುರು ಬಿಚ್ಚಿ ಕೂತೆವು. ಮೊಮ್ಮಕ್ಕಳ ಚಾಕಲೇಟು ಹೊರಬಂತು, ಹಾಲಿನ ಪುಡಿ ಹೊರಬಂತು, ಮಗನಿಗೆಂದು ನಾನು ಕೊಟ್ಟ ಸೆಂಟಿನ ಬಾಟಲಿ ಹೊರಬಂತು. ಖರ್ಜೂರದ ಡಬ್ಬ ಮುಟ್ಟಲು ಬಿಡಲಿಲ್ಲ.

ಆ ವರ್ಷದ ದೀಪಾವಳಿಗೆ ನಾವು ಊರಿಗೆ ಹೋಗಲಾಗಲಿಲ್ಲ. ಬಡಿಸಿದ ಮರುದಿನ ಹೆಂಡತಿ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಅಮ್ಮ, ಅಜ್ಜನಿಗೆ ಎಲೆ ಹಾಕಿದ್ರಾ?"

"ಹಾಕಿದೆ. ಕೋಳಿ, ಕಡುಬು, ಬಂಗುಡೆ, ಮತ್ತೆ ಖರ್ಜೂರ."

"ಅಜ್ಜಿಯ ಎಲೆ ಪಕ್ಕದಲ್ಲಾ?"

"ಪಕ್ಕ ಎಂತಕ್ಕೆ?" ಎಂದರು ಅತ್ತೆ. "ಅಷ್ಟು ವರ್ಷ ಕಾಯಿಸಿದವನು. ಆಚೆ ತುದಿಯಲ್ಲಿ ಹಾಕಿದ್ದೇನೆ. ಈ ವರ್ಷ ಅಲ್ಲಿ ಕೂತು ಉಣ್ಲಿ. ಪಕ್ಕಕ್ಕೆ ಬರುದಾ ಬೇಡವಾ ಅಂತ ಅಮ್ಮ ಹೇಳ್ಬೇಕು."